ಒಂದೇ ಹೆಸರಿನ ಅಚ್ಚುಗಳು

ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆಗೆ ಆ ಮನೆಯಲ್ಲಿ ಭಯ ಹುಟ್ಟಿಸಿದ್ದು ಅತ್ತೆಯಲ್ಲ. ಅತ್ತೆ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಮಾವನೂ ಅಲ್ಲ; ಆತ ಕೂಗಾಡುವ ಮನುಷ್ಯನಾದರೂ ಮುಂದೆ ತಟ್ಟೆ ಇಟ್ಟ ತಕ್ಷಣ ತಣ್ಣಗಾಗುತ್ತಿದ್ದ. ಭಯ ಹುಟ್ಟಿಸಿದ್ದು ಎರಕದ ಕೋಣೆಯ ಹಿಂದಿನ ಗೋಡೆಗಿದ್ದ ಹಲಗೆ. ಅದರ ಮೇಲೆ ಸಾಲಾಗಿ ಮುಖಗಳಿದ್ದವು. ಮುಖಗಳೆಂದರೆ ಮುಖಗಳಲ್ಲ, ಮುಖದ ಗುಳಿಗಳು: ಬದುಕಿರುವವರ ಮೋರೆಯ ಮೇಲೆ ಪ್ಲಾಸ್ಟರ್ ಹಚ್ಚಿ ತೆಗೆದ ಅಚ್ಚುಗಳು. ಮೂಗಿರಬೇಕಾದ ಕಡೆ ಹೊಂಡ, ಕೆನ್ನೆಯಿರಬೇಕಾದ ಕಡೆ ತಗ್ಗು. ಆದರೆ ನಾಲ್ಕು ಹೆಜ್ಜೆ ದೂರದಿಂದ ನೋಡಿದರೆ ಆ ತಗ್ಗೇ ಉಬ್ಬಿ ನಿಂತ ಮುಖದಂತೆ ಕಾಣುತ್ತಿತ್ತು. ನೀವು ಎಡಕ್ಕೆ ಹೋದರೆ ಅದೂ ಎಡಕ್ಕೆ ತಿರುಗುತ್ತಿತ್ತು, ಬಲಕ್ಕೆ ಹೋದರೆ ಬಲಕ್ಕೆ. ಕಣ್ಣು ಮುಚ್ಚಿಕೊಂಡೇ ತಿರುಗುತ್ತಿತ್ತು. ಸೊಸೆ ಆ ಗೋಡೆಯ ಬುಡದಲ್ಲಿ ಕಸ ಗುಡಿಸುವಾಗ ತಲೆ ಎತ್ತುತ್ತಿರಲಿಲ್ಲ.

ಮಾವನದು ಒಂದು ಹಟ. ಅಚ್ಚಿನ ಬೆನ್ನ ಮೇಲೆ ಆತ ಕೆತ್ತುತ್ತಿದ್ದುದು ಬರೀ ಹೆಸರು. ಕಸುಬಿಲ್ಲ, ಪದವಿಯಿಲ್ಲ, ವರ್ಷವಿಲ್ಲ.

“ಕಸುಬು ಇವತ್ತಿರುತ್ತೆ, ನಾಳೆ ಹೋಗುತ್ತೆ. ಪದವಿ ಮಾತಂತೂ ಎತ್ತಲೇಬೇಡ,” ಎನ್ನುತ್ತಿದ್ದ.

“ಒಂದೇ ಹೆಸರಿನೋರು ಇಬ್ಬರು ಬಂದ್ರೆ ಏನ್ ಮಾಡ್ತೀರಿ ಮಾವ?” ಎಂದು ಸೊಸೆ ಒಮ್ಮೆ ಕೇಳಿದ್ದಳು.

“ಮುಖ ನೋಡಿ ಗುರುತು ಹಿಡೀತೀನಿ. ನನಗೇನು ಕಣ್ಣಿಲ್ವಾ?”

ಆಗ ಇತ್ತು. ಒಂದೇ ಹೆಸರಿನವರು ಇಬ್ಬರಲ್ಲ, ನಾಲ್ವರು ಬಂದರು, ನಾಲ್ವರೂ ಹೆಸರುವಾಸಿಗಳೇ. ಒಬ್ಬರು ಡಾಕ್ಟರು, ಊರಿನ ಅರ್ಧ ಜನರ ಹೊಟ್ಟೆ ಕೊಯ್ದು ಹೊಲಿದವರು. ಒಬ್ಬ ಪೈಲ್ವಾನ. ಒಬ್ಬ ನಾಟಕ ಕಂಪನಿಯ ಹಾಸ್ಯಗಾರ. ನಾಲ್ಕನೆಯವರು ಆಗಿನ್ನೂ ಠಾಣೆಯೊಂದರ ಅಧಿಕಾರಿ. ತಮ್ಮ ಮುಖದ ಮೇಲೆ ತಮಗೇ ಬಹಳ ಪ್ರೀತಿಯಿದ್ದುದರಿಂದ ಬಂದು ಅಚ್ಚು ಹಾಕಿಸಿಕೊಂಡು ಹೋದರು. ಆಮೇಲೆ ಅವರು ಏರುತ್ತಾ ಏರುತ್ತಾ ಎಲ್ಲರ ತಲೆಯ ಮೇಲೂ ಕುಳಿತರು. ಊರು ಅವರನ್ನು ದೊಡ್ಡವರು ಎಂದು ಕರೆಯತೊಡಗಿತು. ಅವರ ನಿಜವಾದ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದವರು ವಿಚಾರಣೆಯ ಹಳದಿ ಕಟ್ಟಡಕ್ಕೆ ಹೋಗಿ ಬರುತ್ತಿದ್ದರು. ಕೆಲವರು ಹೋಗುತ್ತಿದ್ದರು, ಅಷ್ಟೆ.

ಡಾಕ್ಟರು ಪುಣ್ಯವಂತರು, ಅಷ್ಟರಲ್ಲಿ ತೀರಿಕೊಂಡಿದ್ದರು. ಪೈಲ್ವಾನ ಬರೀ ಪೈಲ್ವಾನನಾಗಿ ಉಳಿದು ಹೆಸರನ್ನೇ ಮರೆತ. ಹಾಸ್ಯಗಾರನೊಬ್ಬ ಮಾತ್ರ ಆ ಹೆಸರಿನಿಂದಲೇ ಹೊಟ್ಟೆ ಹೊರೆದುಕೊಂಡ. ರಂಗದ ಮೇಲೆ ಅವನ ಹೆಸರು ಕೂಗಿದಾಗ ಸಭೆಯೆಲ್ಲ ಗಪ್‌ಚುಪ್. ಆಗ ಪರದೆಯ ಸಂದಿಯಿಂದ ಒಂದು ತಲೆ ಇಣುಕಿ, “ಹೆದರ್ಬೇಡಿ, ನಾನು ಅವರಲ್ಲ,” ಎನ್ನುತ್ತಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಮಾತು ಹೇಳಕೂಡದೆಂದು ಮೇಲಿನಿಂದ ಸೂಚನೆ ಬಂದ ಮೇಲೆ ಅವನು ಬರೀ ಇಣುಕುತ್ತಿದ್ದ, ಏನೂ ಹೇಳುತ್ತಿರಲಿಲ್ಲ. ಜನ ಇನ್ನೂ ಜಾಸ್ತಿ ನಗುತ್ತಿದ್ದರು.

ಅವನ ಅಚ್ಚು ತೆಗೆದದ್ದು ಸೊಸೆಯೇ. ಅದು ಅವಳು ಸ್ವಂತವಾಗಿ ಮಾಡಿದ ಮೊದಲ ಅಚ್ಚು. ಬೆಂಚಿನ ಮೇಲೆ ಅವನನ್ನು ಮಲಗಿಸಿ, ಮುಖಕ್ಕೆ ಎಣ್ಣೆ ಸವರಿ, ಮೂಗಿನ ಹೊಳ್ಳೆಗಳಿಗೆ ಉಸಿರಾಡಲು ಎರಡು ಕೊಳವೆ ಇಟ್ಟಳು. ಅವನ ಎಡ ಕಿವಿಯ ತುದಿ ಹರಿದಿತ್ತು, ಅಲ್ಲಿಗೆ ಪ್ಲಾಸ್ಟರ್ ಹೇಗೆ ಹಚ್ಚುವುದೆಂದು ಅವಳು ಯೋಚಿಸುತ್ತಾ ನಿಂತಾಗ, “ಚಿಕ್ಕೋನಿದ್ದಾಗ ನಾಯಿ ಕಿತ್ಕೊಂಡು ಹೋಯ್ತು. ರುಚಿ ಹಿಡಿಸ್ಲಿಲ್ಲ ಅಂತ ಕಾಣುತ್ತೆ, ಇನ್ನೊಂದು ಕಿವಿಗೆ ಬರ್ಲೇ ಇಲ್ಲ,” ಎಂದ. ಅವಳು ನಕ್ಕು ಪ್ಲಾಸ್ಟರಿಗೆ ಕೈ ಹಾಕಿದಳು. ಬಾಯಿ ಮುಚ್ಚುವ ಮುನ್ನ ಅವನು ಕೊನೆಯದಾಗಿ ಹೇಳಿದ್ದು, “ನೋಡು ತಂಗಿ, ನನ್ನ ಉಸಿರು ಈಗ ನಿನ್ನ ಕೈಲಿದೆ. ಸೀನಬೇಡ.” ಪ್ಲಾಸ್ಟರ್ ಗಟ್ಟಿಯಾಗುವವರೆಗೆ ಅವನು ಅಲುಗಾಡದೆ ಮಲಗಿದ್ದ. ಕೊಳವೆಯಿಂದ ಬರುತ್ತಿದ್ದ ಬಿಸಿ ಉಸಿರು ಅವಳ ಮಣಿಕಟ್ಟಿಗೆ ತಾಗುತ್ತಿತ್ತು. ಅಂದಿನಿಂದ ಅವನು ಬೀದಿಯಲ್ಲಿ ಸಿಕ್ಕಾಗಲೆಲ್ಲ ತಂಗಿ ಎಂದೇ ಕರೆಯುತ್ತಿದ್ದ.

ಹೊಸ ಸೇತುವೆ ಮುಗಿಯುತ್ತಾ ಬಂದಾಗ ಬೂದು ಕೋಟಿನ ಅಧಿಕಾರಿಯೊಬ್ಬ ಎರಕದ ಕೋಣೆಗೆ ಬಂದ. ದೊಡ್ಡವರ ಎದೆಮಟ್ಟದ ಕಂಚಿನ ಪ್ರತಿಮೆ ಬೇಕು, ಬೇಗ ಬೇಕು, ಅಚ್ಚು ನಿಮ್ಮಲ್ಲೇ ಇದೆಯಂತಲ್ಲ ಎಂದ. ಅವನು ಕೂರಲಿಲ್ಲ, ನೀರೂ ಕುಡಿಯಲಿಲ್ಲ. ಅವನು ನಿಂತಿದ್ದ ಜಾಗವನ್ನು ದಾಟಿ ಹೋಗಲು ಸಂಜೆಯವರೆಗೂ ಮನೆಯವರಿಗೆ ಅಳುಕಾಗುತ್ತಿತ್ತು.

ಅಷ್ಟು ಹೊತ್ತಿಗೆ ಮಾವನ ಕಣ್ಣಿಗೆ ಪೊರೆ ಬಂದಿತ್ತು. ಅದನ್ನು ಆತ ಯಾರಿಗೂ ಹೇಳಿರಲಿಲ್ಲ. ಕಂಬಕ್ಕೆ ಡಿಕ್ಕಿ ಹೊಡೆದರೆ ಕಂಬಕ್ಕೇ ಬೈದು ಮುಂದೆ ಹೋಗುತ್ತಿದ್ದ ಆಸಾಮಿ. ಹಲಗೆಯ ಹತ್ತಿರ ಹೋಗಿ, ಅಚ್ಚುಗಳ ಬೆನ್ನ ಮೇಲೆ ಬೆರಳಾಡಿಸಿ, ಅಕ್ಷರಗಳನ್ನು ಮುಟ್ಟಿ ಓದಿ ಒಂದನ್ನು ಇಳಿಸಿದ. ಹೆಸರು ಸರಿಯಾಗಿಯೇ ಇತ್ತು. ಮಗ ಅದಕ್ಕೆ ಮೇಣ ಹೊಯ್ದ. ಹೊರಬಂದದ್ದು ಬೋಳು ತಲೆಯ, ಕಣ್ಣು ಮುಚ್ಚಿದ, ಮೀಸೆಯಿಲ್ಲದ ಮೇಣದ ಮುಖ. ಈ ಕಸುಬಿನವರನ್ನು ಕೇಳಿ ನೋಡಿ: ಕಣ್ಣು ಮುಚ್ಚಿದ ಮೇಣದ ಮುಖ ಯಾರದ್ದಾದರೂ ಒಂದೇ. ಕಣ್ಣು ತೆರೆಯುವುದು, ಮೀಸೆ ಕೂರಿಸುವುದು, ಟೋಪಿ ತೊಡಿಸುವುದು, ಎಲ್ಲ ಸೊಸೆಯ ಕೆಲಸ. ಎದುರಿಗೆ ದೊಡ್ಡವರ ಫೋಟೊ ಇಟ್ಟುಕೊಂಡು ಎಲ್ಲವನ್ನೂ ಮಾಡಿದಳು. ಮುಖ ಯಾಕೋ ಮೆತ್ತಗಿದೆ, ಗಲ್ಲ ದವಡೆ ಫೋಟೊದಲ್ಲಿರುವಂತಿಲ್ಲ ಅನಿಸಿತು. ಅಚ್ಚು ಹಾಕಿಸುವ ವಯಸ್ಸಿನಲ್ಲಿ ಹೀಗಿದ್ದರೇನೋ ಅಂದುಕೊಂಡಳು. ಎಡ ಕಿವಿಯ ತುದಿಯಲ್ಲಿ ಮೇಣ ತುಂಬದೆ ಖಾಲಿ ಉಳಿದಂತಿತ್ತು. ಗಂಡ ಅವಸರದಲ್ಲಿ ಹೊಯ್ದಿದ್ದಾನೆಂದು ಗೊಣಗಿಕೊಂಡು ಚೂರು ಮೇಣ ಅಂಟಿಸಿ ದುಂಡಗೆ ಸರಿಮಾಡಿದಳು. ಅವಳ ಕೈಯಲ್ಲಿ ಒಳ್ಳೆಯ ಹದವಿತ್ತು, ಎಲ್ಲಿ ಸರಿಮಾಡಿದ್ದೆಂದು ಅವಳಿಗೇ ಗೊತ್ತಾಗದಷ್ಟು.

ಕಂಚು ಎರೆದದ್ದಾಯಿತು, ಅರದಿಂದ ಉಜ್ಜಿದ್ದಾಯಿತು. ಬೂದು ಕೋಟಿನವನ ಜನ ಬಂದು ಪ್ರತಿಮೆಯನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋಗಿ ಸೇತುವೆಯ ಕಲ್ಲಿನ ಮೇಲೆ ಕೂರಿಸಿದರು. ಅನಾವರಣಕ್ಕೆ ದೊಡ್ಡವರೇ ಬರುವವರಿದ್ದರು.

ಅದರ ಹಿಂದಿನ ದಿನ ಬೆಳಗ್ಗೆ ಸೊಸೆ ಕೋಣೆ ಚೊಕ್ಕಟ ಮಾಡುತ್ತಾ ಅಚ್ಚನ್ನು ವಾಪಸ್ಸು ಇಡಲು ಹಲಗೆಯ ಹತ್ತಿರ ಹೋದಳು. ಅದೇ ಹೆಸರಿನ ಮೂರು ಅಚ್ಚು ಅಲ್ಲಿದ್ದವು. ಅದರಲ್ಲೊಂದು ಅಗಲ ದವಡೆಯದು, ಗಲ್ಲದ ಮಧ್ಯೆ ಸೀಳು. ಆ ಸೀಳನ್ನು ಊರಲ್ಲಿ ಮಕ್ಕಳೂ ಬಲ್ಲರು. ಗೋಡೆಗೋಡೆಯ ಮೇಲೂ ಅದರ ಚಿತ್ರವಿತ್ತು. ಆ ಅಚ್ಚಿನ ಬಾಯಿಗೆ ಅಡ್ಡವಾಗಿ ಜೇಡ ಬಲೆ ಕಟ್ಟಿತ್ತು. ಹಳೆಯ ಬಲೆ, ಧೂಳು ಹಿಡಿದು ಜೋತುಬಿದ್ದದ್ದು. ಯಾರೂ ಅದನ್ನು ಮುಟ್ಟಿರಲಿಲ್ಲ.

ಅವಳು ಕೈಯಲ್ಲಿದ್ದ ಅಚ್ಚನ್ನು ಮೆಲ್ಲಗೆ ತಿರುಗಿಸಿ ಎಡ ಕಿವಿಯ ಜಾಗಕ್ಕೆ ಬೆರಳು ಹಾಕಿದಳು. ಅಲ್ಲಿ ಹರಕು ಹಾಗೇ ಇತ್ತು.

“ಮಾವ,” ಎಂದಳು, “ಕಣ್ಣು ಕಾಣುತ್ತಾ ನಿಮಗೆ?”

ಮುದುಕ ರೇಗುವುದಕ್ಕೆ ಬಾಯಿ ತೆರೆದವನು ಸೊಸೆ ಅಚ್ಚು ತಂದು ಅವನ ಬೆರಳನ್ನು ಆ ಹರಕಿನ ಮೇಲೆ ಇಟ್ಟಾಗ ಅಚ್ಚು ಹೊಯ್ಯುವ ಬೆಂಚಿನ ಮೇಲೆ ಕುಸಿದು ಕುಳಿತ. ಗಂಡ ಒಳಗೆ ಬಂದು, ಇಬ್ಬರ ಮುಖ ನೋಡಿ, ವಿಷಯ ತಿಳಿದು, ಮೊದಲು ಮಾಡಿದ ಕೆಲಸವೆಂದರೆ ಬಾಗಿಲು ಹಾಕಿದ್ದು.

“ಹೋಗಿ ಹೇಳಿಬಿಡೋಣ. ತಪ್ಪಾಯ್ತು ಅನ್ನೋಣ,” ಎಂದಳು ಸೊಸೆ.

“ಏನಂತ ಹೇಳ್ತೀಯ? ದೊಡ್ಡವರ ಟೋಪಿ ಒಳಗೆ ಹಾಸ್ಯಗಾರನ್ನ ಕೂರಿಸಿದ್ದೀವಿ ಅಂತನಾ?” ಎಂದ ಗಂಡ. ಹೇಳುತ್ತಾ ಹೇಳುತ್ತಾ ಅವನಿಗೇ ಅಳುವಂಥ ನಗು ಬಂತು. “ತಪ್ಪು ಅಂತ ಯಾರು ನಂಬ್ತಾರೆ? ಬೇಕಂತ್ಲೇ ಮಾಡಿದ್ದೀವಿ ಅಂತಾರೆ. ಅಪ್ಪನ್ನ ಆ ಕಟ್ಟಡದ ಮೆಟ್ಟಿಲು ಹತ್ತಿಸ್ತೀಯಾ ನೀನು?”

ಓಡಿಹೋಗುವ ಮಾತೂ ಬಂತು. ಕಣ್ಣು ಕಾಣದ ಮುದುಕನನ್ನು ಕಟ್ಟಿಕೊಂಡು ಎಲ್ಲಿಗೆಂದು ಓಡುವುದು?

ಮಧ್ಯಾಹ್ನ ಸೊಸೆ ಅರ, ಸುತ್ತಿಗೆ, ಉಜ್ಜುವ ಬಟ್ಟೆ ತೆಗೆದುಕೊಂಡು ಸೇತುವೆಗೆ ಹೋದಳು. ಕೊನೆಯ ಹೊಳಪು ಕೊಡುವುದಿದೆ ಎಂದಾಗ ಕಾವಲಿನವನು ಮೈಯೆಲ್ಲ ತಡಕಿ ಬಿಟ್ಟ. ಮುಸುಕಿನ ಬಟ್ಟೆ ಎತ್ತಿ ಅವಳು ಒಳಗೆ ನುಗ್ಗಿದಳು. ಬಿಸಿಲಿಗೆ ಕಂಚು ಕಾದು ಒಳಗೆಲ್ಲ ಧಗೆ. ಬಟ್ಟೆಯಿಂದ ಇಳಿಯುತ್ತಿದ್ದ ಕಂದು ಬೆಳಕಿನಲ್ಲಿ ಅವಳ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಆ ಮುಖವಿತ್ತು. ಅವಳೇ ತೆರೆದ ಕಣ್ಣು, ಅವಳೇ ಕೂರಿಸಿದ ಮೀಸೆ. ಅದರ ಹಿಂದೆ, ಇನ್ನೇನು ಪರದೆಯಿಂದ ಇಣುಕಬೇಕು ಎನ್ನುವಂತೆ, ಹಾಸ್ಯಗಾರ. ಗೊತ್ತಾದ ಮೇಲೆ ಬೇರೆ ಏನೂ ಕಾಣಿಸಲೇ ಇಲ್ಲ. ಗಲ್ಲಕ್ಕೆ ಅರವಿಟ್ಟಳು, ಕಂಚು ಕಿರ್ರೆಂದಿತು.

“ಏನಮ್ಮಾ ಅದು ಸದ್ದು?” ಎಂದ ಹೊರಗಿನಿಂದ ಕಾವಲಿನವನು.

“ಏನಿಲ್ಲ, ಒರೆಸ್ತಿದ್ದೀನಿ,” ಎಂದಳು. ಗಲ್ಲಕ್ಕೆ ಒಂದು ಸೀಳು ಕೊರೆಯಬಹುದು, ದವಡೆ ಎಲ್ಲಿಂದ ತರುವುದು? ಅವಳು ನಿಜವಾಗಿಯೂ ಮುಖ ಒರೆಸಿ, ಹೊರಗೆ ಬಂದು, ಕಾವಲಿನವನಿಗೆ ನಮಸ್ಕಾರ ಹೇಳಿ ಮನೆಗೆ ನಡೆದಳು.

ಅನಾವರಣದ ದಿನ ಅವರಿಗೆ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿದ್ದರು, ಮರ್ಯಾದೆಯೆಂದರೆ ಅದು. ದೊಡ್ಡವರು ಕಾರಿನಿಂದ ಇಳಿದರು. ಅವರನ್ನು ಯಾರೂ ಹತ್ತಿರದಿಂದ ನೋಡಿ ಬಹಳ ಕಾಲವಾಗಿತ್ತು. ಗೋಡೆಯ ಮೇಲಿನ ದವಡೆ ಈಗ ಕೊರಳಿಗೆ ಇಳಿದಿತ್ತು, ಕಣ್ಣು ಊದಿತ್ತು, ಗಲ್ಲದ ಸೀಳು ಮಡಿಕೆಗಳಲ್ಲಿ ಮುಚ್ಚಿಹೋಗಿತ್ತು. ಹಗ್ಗ ಎಳೆದರು. ಬಟ್ಟೆ ಜಾರಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸೊಸೆ ಮಾವನ ಕೈ ಹಿಡಿದುಕೊಂಡಳು. ಸಾಲಿನಲ್ಲಿದ್ದ ಒಬ್ಬೊಬ್ಬರಿಗೂ ಗೊತ್ತಾಗಿದೆ ಎಂದು ಅವರ ಕುತ್ತಿಗೆ ಬಿಗಿದುಕೊಂಡ ರೀತಿಯಲ್ಲೇ ಅವಳಿಗೆ ತಿಳಿಯಿತು. ದೊಡ್ಡವರು ಪ್ರತಿಮೆಯ ಮುಂದೆ ನಿಂತು ನೋಡಿದರು. ಬಹಳ ಹೊತ್ತು ನೋಡಿದರು.

“ನಾನು ವಯಸ್ಸಲ್ಲಿ ಹೀಗಿದ್ದೆ,” ಎಂದರು ಕೊನೆಗೆ. ಧ್ವನಿ ತುಂಬಿ ಬಂದಿತ್ತು. “ಎಷ್ಟು ಒಳ್ಳೇ ಮುಖ ಇತ್ತು ನನಗೆ.”

ಆಗ ಸೇತುವೆ ನಡುಗುವ ಹಾಗೆ ಚಪ್ಪಾಳೆ ಬಿತ್ತು. ಗಂಡ ಕಣ್ಣೀರು ಒರೆಸಿಕೊಂಡ. ಬದುಕಿದೆವು ಎಂದುಕೊಂಡಳು ಸೊಸೆ. ಹಾಗೆ ಅಂದುಕೊಳ್ಳುವಾಗ ಅವಳಿಗೆ ಹಾಸ್ಯಗಾರನ ನೆನಪೇ ಬರಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು.

ಮುಂದಿನ ವಾರಗಳಲ್ಲಿ ಊರಿನ ಗೋಡೆಗಳು ಬದಲಾದವು. ಹಳೆಯ ಚಿತ್ರ ಕಿತ್ತು, ಸೇತುವೆಯ ಪ್ರತಿಮೆಯ ಫೋಟೊ ಅಂಟಿಸಿದರು. ಅಂಚೆ ಕಚೇರಿಯಲ್ಲಿ ಅದೇ ಮುಖ, ಶಾಲೆಯಲ್ಲಿ ಅದೇ ಮುಖ, ಕ್ಷೌರದಂಗಡಿಯ ಕನ್ನಡಿಯ ಮೇಲೂ ಅದೇ.

ಒಂದು ದಿನ ಹಾಸ್ಯಗಾರ ಹಿಂಬಾಗಿಲಿನಿಂದ ಬಂದ. ತಲೆಗೆ ಬಟ್ಟೆ ಸುತ್ತಿಕೊಂಡಿದ್ದ, ಗಡ್ಡ ಬಿಡತೊಡಗಿದ್ದ.

“ಕಿವಿ ಚೆನ್ನಾಗಿ ಸರಿಮಾಡಿದ್ದೀಯ ತಂಗಿ. ನಮ್ಮಮ್ಮ ನೋಡಿದ್ರೆ ಖುಷಿಪಡ್ತಿದ್ಳು,” ಎಂದ. ಅವಳು ತಲೆ ತಗ್ಗಿಸಿದಳು.

“ಅಣ್ಣಾ, ಗೊತ್ತಿಲ್ದೆ ಆಯ್ತು.”

“ಗೊತ್ತು. ಗೊತ್ತಿದ್ದು ಮಾಡೋಕೆ ನಿಮ್ಮ ಮನೇಲಿ ಅಷ್ಟು ಧೈರ್ಯ ಯಾರಿಗಿದೆ?” ಎಂದು ನಕ್ಕ. ನಗು ಅಲ್ಲಿಗೇ ನಿಂತಿತು. “ನಿನ್ನೆ ಬಸ್ಸಲ್ಲಿ ಎಲ್ಲರೂ ಎದ್ದು ನಿಂತ್ಕೊಂಡ್ರು. ಒಂದು ಮಗು ನನ್ನ ನೋಡಿ ಒಂದೇ ಸಮ ಅಳ್ತು. ರಂಗದ ಮೇಲೆ ಇಣುಕಿದ್ರೆ ಯಾರೂ ನಗ್ತಿಲ್ಲ. ನನಗೆ ಭಯ ಆಗ್ತಿದೆ ತಂಗಿ. ಒಂದು ಊರಲ್ಲಿ ಒಂದು ಹೆಸರು ಇಬ್ಬರಿಗಿದ್ರೆ ಹೇಗೋ ತಡ್ಕೋತಾರೆ. ಮುಖ ಇಬ್ಬರಿಗಿದ್ರೆ?”

ಊರು ಬಿಟ್ಟು ಹೋಗು ಅಣ್ಣ ಎಂದಳು. ಹೋಗುವ ದಾರಿಯ ತುಂಬ ನನ್ನ ಮುಖವೇ ಅಂಟಿಸಿದ್ದಾರಲ್ಲ ಎಂದು ಅವನು ಬಂದ ಬಾಗಿಲಿನಿಂದಲೇ ಹೋದ.

ಅವನು ಹೋದ ಮೇಲೆ ಮಾವ, “ಅವನ ಅಚ್ಚು ಒಡೆದುಬಿಡು,” ಎಂದ. ಅವಳು ಸುತ್ತಿಗೆ ಹಿಡಿದು ಹಲಗೆಯ ಹತ್ತಿರ ಹೋದಳು. ಬಾಗಿಲಿನಿಂದ ಹಲಗೆಯವರೆಗೂ ಆ ಮುಖ ಅವಳ ಕಡೆಗೇ ತಿರುಗುತ್ತಾ ಬಂತು. ಅವಳಿಂದಾಗಲಿಲ್ಲ. ಅಚ್ಚನ್ನು ಗೋಡೆಗೆ ಮುಖ ಮಾಡಿ ಇಟ್ಟು, ದೊಡ್ಡವರ ಅಚ್ಚಿನ ಬಲೆ ಒರೆಸಿ ಅದನ್ನು ಮುಂದಕ್ಕೆ ಸರಿಸಿದಳು. ಒಡೆದೆ ಎಂದು ಮಾವನಿಗೆ ಸುಳ್ಳು ಹೇಳಿದಳು.

ಕೆಲವು ದಿನ ಕಳೆದು, ಬೆಳಗ್ಗೆ ಕುಲುಮೆಗೆ ಇನ್ನೂ ಬೆಂಕಿ ಹಾಕುತ್ತಿದ್ದಾಗ ಅವರ ಬಾಗಿಲಿಗೆ ಗಾಡಿ ಬಂದು ನಿಂತಿತು. ಬೂದು ಕೋಟಿನವನು ಇಳಿದ. ಹಿಂದಿನಿಂದ ಇಬ್ಬರು ಹಾಸ್ಯಗಾರನನ್ನು ಇಳಿಸಿದರು. ಗಡ್ಡ ಬೋಳಿಸಿದ್ದರು. ಮುಖದ ಮೇಲೆ ಒಂದೇ ಒಂದು ಗಾಯವಿರಲಿಲ್ಲ. ಆ ಮುಖವನ್ನು ಹೊಡೆಯುವ ಧೈರ್ಯ ಯಾರಿಗಿದ್ದೀತು? ಆದರೆ ಅವನು ಕಾಲೆಳೆಯುತ್ತಿದ್ದ, ಒಂದು ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದ.

“ಈ ಮನುಷ್ಯ ದೊಡ್ಡವರ ಮುಖ ಇಟ್ಕೊಂಡು ಊರೆಲ್ಲ ಓಡಾಡ್ತಿದ್ದಾನೆ,” ಎಂದ ಬೂದು ಕೋಟಿನವನು, ಸೌದೆಯ ಬೆಲೆ ಕೇಳುವ ಧ್ವನಿಯಲ್ಲಿ. “ಯಾಕೆ ಅಂದ್ರೆ, ಸೇತುವೆ ಮೇಲಿರೋದೇ ನನ್ನ ಮುಖ ಅಂತಾನೆ. ಇಲ್ಲೇ ಅಚ್ಚು ತೆಗೆದ್ರಂತೆ. ಹೌದಾ?”

ಗಂಡ ಬೆಂಕಿಯನ್ನೇ ನೋಡುತ್ತಿದ್ದ. ಮಾವ ಬೆಂಚಿನ ಮೇಲೆ ಕುಳಿತು ಗಾಳಿಗೆ ಕಿವಿ ಕೊಟ್ಟಿದ್ದ. ಹೌದು ಎಂದರೆ ಆ ಗಾಡಿಯಲ್ಲಿ ಈ ಮುದುಕ ಹತ್ತಬೇಕು, ಗಂಡ ಹತ್ತಬೇಕು, ತಾನೂ ಹತ್ತಬೇಕು. ಇಲ್ಲ ಎಂದರೆ ಅವನೊಬ್ಬನೇ. ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದಳು.

“ಇಲ್ಲ,” ಎಂದಳು.

“ದೊಡ್ಡವರ ಅಚ್ಚು ತೋರಿಸು.”

ಅವಳು ತೋರಿಸಿದಳು. ಅವನು ಅದರ ಬೆನ್ನಿನ ಹೆಸರು ಓದಿದ, ಒಳಗಿನ ಗುಳಿ ನೋಡಿದ. ಎಲ್ಲರಂತೆ ಅವನಿಗೂ ಏನೂ ತಿಳಿಯಲಿಲ್ಲ. ಅವನ ಕಣ್ಣು ಗೋಡೆಗೆ ಮುಖ ಮಾಡಿದ್ದ ಅಚ್ಚಿನ ಬೆನ್ನಿನ ಮೇಲೆ, ಅದೇ ಹೆಸರಿನ ಮೇಲೆ ಕ್ಷಣ ನಿಂತಿತು. “ಅದು?”

“ಡಾಕ್ಟರದು. ತೀರ್ಕೊಂಡ್ರಲ್ಲ, ಅವರು,” ಎಂದಳು. ಮಾತು ಅವಳಿಗೇ ಆಶ್ಚರ್ಯವಾಗುವಷ್ಟು ಸಲೀಸಾಗಿ ಬಂತು.

“ಹಾಗಾದ್ರೆ ಇದನ್ನ ಅವನ ಮುಖಕ್ಕೆ ಹಿಡಿ. ಅವನದೇ ಆದ್ರೆ ಕೂರುತ್ತೆ.”

ಅವಳೇ ಹಿಡಿಯಬೇಕಾಯಿತು. ದೊಡ್ಡವರ ಅಚ್ಚು ಹಾಸ್ಯಗಾರನ ಹಣೆಗೆ ತಾಗಿ ಅಲ್ಲೇ ನಿಂತಿತು. ಮೂಗು ಹೊಂಡಕ್ಕೆ ಇಳಿಯಲಿಲ್ಲ, ಗಲ್ಲ ಒಳಗೆ ಅಳ್ಳಾಡಿತು. ಅವನ ನಿಜವಾದ ಅಚ್ಚು ಅವಳ ಮೊಣಕೈಗೆ ತಾಗುವಷ್ಟು ಹತ್ತಿರ ಗೋಡೆ ನೋಡುತ್ತಾ ಕುಳಿತಿತ್ತು. ಅದು ಅವನಿಗೂ ಕಂಡಿತ್ತು. ಒಂದು ಮಾತು ಅವನು ಹೇಳಬಹುದಿತ್ತು. ಅಚ್ಚಿನ ಅಂಚಿನಿಂದ ಬಂದ ಬಿಸಿ ಉಸಿರು ಅವಳ ಮಣಿಕಟ್ಟಿಗೆ ತಾಗಿತು, ಅಂದಿನಂತೆಯೇ. ಅವನು ಸುಮ್ಮನೆ ಉಸಿರಾಡಿದ.

“ನೋಡಿದ್ಯಾ? ನಿನ್ನದಲ್ಲ,” ಎಂದ ಬೂದು ಕೋಟಿನವನು.

ಬಾಗಿಲ ಹೊರಗೆ ಬೀದಿಯ ಜನ ಸೇರಿದ್ದರು. ಹಾಸ್ಯಗಾರ ಹೊಸ್ತಿಲಿಗೆ ಬಂದಾಗ ಆ ಮುಖ ಕಂಡು ಎಲ್ಲರೂ ಧಡಕ್ಕನೆ ಹಿಂದೆ ಸರಿದರು, ಕೆಲವರು ಕೈಯೆತ್ತಿ ಮುಗಿದರು. ಅವನು ಚೌಕಟ್ಟಿನ ಸಂದಿಯಲ್ಲಿ ಒಂದು ಗಳಿಗೆ ನಿಂತು, ತಲೆ ಮಾತ್ರ ಹೊರಗೆ ಚಾಚಿ ಸಭೆಯನ್ನೊಮ್ಮೆ ನೋಡಿದ.

“ಹೆದರ್ಬೇಡಿ,” ಎಂದ, “ನಾನು ಅವರಲ್ಲ.”

ಯಾರೂ ನಗಲಿಲ್ಲ.

“ಕೇಳಿಸ್ಕೊಂಡ್ರಲ್ಲ? ಅಲ್ಲ ಅಂತ ಅವನೇ ಒಪ್ಕೊಂಡ,” ಎಂದ ಬೂದು ಕೋಟಿನವನು. ಗಾಡಿಯ ಬಾಗಿಲು ಹಾಕಿಕೊಂಡಿತು.

ಗಾಡಿಯ ಸದ್ದು ಅಡಗಿದ ಮೇಲೆ ಮಾವ ಬೆಂಚಿನಿಂದ ಕೇಳಿದ, “ಅಚ್ಚು ಕೂತಿತಾ ಮಗಳೇ?”

“ಇಲ್ಲ ಮಾವ.”

ಅವಳು ದೊಡ್ಡವರ ಅಚ್ಚನ್ನು ಹಲಗೆಯ ಮೇಲೆ ಇಟ್ಟಳು. ಆಮೇಲೆ ಗೋಡೆ ನೋಡುತ್ತಿದ್ದುದನ್ನು ಎರಡೂ ಕೈಯಿಂದ ಹಿಡಿದು ಈಚೆಗೆ ತಿರುಗಿಸಿದಳು. ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಬಾಗಿಲವರೆಗೂ ಹೋದಳು, ಎಡಕ್ಕೆ ಸರಿದಳು, ಬಲಕ್ಕೆ ಸರಿದಳು. ಅದು ಅವಳನ್ನು ಬಿಡಲಿಲ್ಲ.